ಬೆಳೆ ದಾಖಲೆ ಮತ್ತು ಮೊಬೈಲ್ ತಿಳಿವಳಿಕೆ



ಕರ್ನಾಟಕದಲ್ಲಿ 'ಭೂಮಿ' ಯೋಜನೆಯಿಂದ ಪಹಣಿ ಗಣಕಯಂತ್ರಕ್ಕೆ ಏರಿತು. 2020ರ ಮುಂಗಾರಿನಿಂದ ಬೆಳೆಯ ವಿವರವನ್ನು ರೈತರೇ ಮೊಬೈಲಿನಲ್ಲಿ ದಾಖಲಿಸುವ ಅವಕಾಶವೂ ಬಂದಿತು. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿ ಇವುಗಳಿಗೆಲ್ಲ ಈ ದಾಖಲೆಯನ್ನೇ ನೋಡುತ್ತಾರೆ. ಹೊಲದಲ್ಲಿ ತೊಗರಿಯಿದ್ದು ದಾಖಲೆಯಲ್ಲಿ ಹೆಸರು ಎಂದಿದ್ದರೆ ನಷ್ಟ ರೈತನಿಗೇ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸಿರಿ.

1. ಸರ್ವೆ ನಂಬರು, ಹಿಸ್ಸಾ ಖಚಿತಪಡಿಸಿಕೊಂಡು, ಕಟಾವಿಗೆ ಮೊದಲೇ, ಹೊಲದೊಳಗೆ ನಿಂತು ಬೆಳೆಯ ಚಿತ್ರ ತೆಗೆಯಿರಿ.

2. ಮಿಶ್ರ ಬೆಳೆಯಿದ್ದಲ್ಲಿ ಪ್ರತಿಯೊಂದು ಬೆಳೆಯನ್ನೂ ಅದರ ವಿಸ್ತೀರ್ಣವನ್ನೂ ನಮೂದಿಸಿರಿ.

3. ಮೊಬೈಲ್ ಇಲ್ಲದವರು, ಸಮೀಕ್ಷೆಗೆ ನೇಮಕವಾದ ಗ್ರಾಮದ ಖಾಸಗಿ ನಿವಾಸಿ ಬಂದಾಗ ಖುದ್ದಾಗಿ ಹೊಲದಲ್ಲಿರಬೇಕು.

4. ದಾಖಲಾದುದನ್ನು ಓದಿ ನೋಡಿರಿ. ತಪ್ಪಿದ್ದರೆ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಿರಿ.

5. ಫೋನಿನಲ್ಲಿ ಯಾರೇ ಕೇಳಿದರೂ ಓ.ಟಿ.ಪಿ. ಸಂಖ್ಯೆ ಹೇಳಬೇಡಿರಿ. ಮೋಸದಿಂದ ಹಣ ಹೋದರೆ ತಡಮಾಡದೆ 1930ಕ್ಕೆ ತಿಳಿಸಿರಿ.

ವಿಸ್ತರಣಾ ಕಾರ್ಯಕರ್ತರು ರೈತನ ಫೋನನ್ನು ತಾವೇ ಒತ್ತಿಕೊಟ್ಟರೆ ಕೆಲಸ ಅಂದಿಗೆ ಮುಗಿಯುತ್ತದೆ, ಕಲಿಕೆಯಾಗುವುದಿಲ್ಲ. ಫೋನನ್ನು ಅವರ ಕೈಯಲ್ಲೇ ಇರಿಸಿ, ಮನೆಯ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಕಲಿಸಬೇಕು. ತನ್ನ ಹೊಲದ ದಾಖಲೆಯನ್ನು ತಾನೇ ಓದಬಲ್ಲ ರೈತ ಇನ್ನೊಬ್ಬರ ಬಾಗಿಲು ಕಾಯಬೇಕಾಗಿಲ್ಲ.