ಆಸ್ತಿಕನ ಮತದಾನ



ನಮ್ಮ ನುಡಿಯಲ್ಲಿ 'ಮತ' ಎಂಬ ಒಂದೇ ಶಬ್ದವು ದೇವರನ್ನು ಸೇರುವ ದಾರಿಗೂ ಸಲ್ಲುತ್ತದೆ, ಚುನಾವಣೆಯಲ್ಲಿ ಕೊಡುವ ಓಟಿಗೂ ಸಲ್ಲುತ್ತದೆ. ಶಬ್ದವು ಒಂದಾದ ಮಾತ್ರಕ್ಕೆ ವಸ್ತುವೂ ಒಂದೆಂದು ಭ್ರಮಿಸುವವರುಂಟು. ಈ ಭ್ರಾಂತಿಯನ್ನು ನೀಗಿ ಆಸ್ತಿಕನು ಮತಗಟ್ಟೆಗೆ ಹೇಗೆ ಹೋಗತಕ್ಕದ್ದೆಂಬುದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆನು.

ಒಂದು ಕಾಲಕ್ಕೆ ಸರಕಾರವೇ ಈ ಭ್ರಾಂತಿಗೆ ಕಾಯಿದೆಯ ರೂಪವನ್ನಿತ್ತಿತ್ತು. 1909ರ ಮಾರ್ಲೆ-ಮಿಂಟೋ ಸುಧಾರಣೆಯು ಮುಸಲ್ಮಾನರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕಲ್ಪಿಸಿತು. 1935ರ ಕಾಯಿದೆಯು ಆ ಭೇದವನ್ನು ಮತ್ತಷ್ಟು ಸಮಾಜಗಳಿಗೆ ಹಬ್ಬಿಸಿತು. ಮುಂಬಯಿ, ಮದ್ರಾಸು ಇಲಾಖೆಗಳಿಗೆ ಹಂಚಿಹೋಗಿದ್ದ ಧಾರವಾಡ, ಮಂಗಳೂರುಗಳಲ್ಲಿ ಒಂದೇ ಕೇರಿಯ ನೆರೆಹೊರೆಯವರ ಹೆಸರುಗಳು ಬೇರೆ ಬೇರೆ ಯಾದಿಗಳಿಗೆ ಸೇರಿದವು. ನಾಡು ಒಡೆದುದು ಸಾಲದೆ ಕೇರಿಯೂ ಒಡೆಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 325ನೆಯ ಅನುಚ್ಛೇದವು ಒಂದು ಕ್ಷೇತ್ರಕ್ಕೆ ಒಂದೇ ಯಾದಿಯೆಂದು ವಿಧಿಸಿತು. 1956ರ ನವೆಂಬರ 1ರಂದು ಕನ್ನಡ ನಾಡಿನ ಬಹುಭಾಗವು ಒಂದಾಯಿತು. 1957ರಲ್ಲಿ ಬೀದರದವನೂ ಕೊಡಗಿನವನೂ ಒಂದೇ ವಿಧಾನಸಭೆಗೆ ಮತವಿತ್ತರು.

ಯಾದಿಯೇನೋ ಒಂದಾಯಿತು, ಮನಸ್ಸು ಬಂಧಮುಕ್ತವಾಯಿತೆ? ಹಿಂದಿನ ರಾತ್ರಿ ಹಣವನ್ನಿತ್ತು, ಮನೆದೇವರ ಮೇಲೆ ಆಣೆ ಮಾಡಿಸುವ ದುಷ್ಟ ಪದ್ಧತಿಯು ಇನ್ನೂ ಅಳಿದಿಲ್ಲ. ನಂಬಿಕೆಯಿಲ್ಲದವನಿಗೆ ಆ ಆಣೆಯು ಬರಿಯ ಗಾಳಿಮಾತು. ನಂಬಿದವನಾದರೋ ಸರದಿಯಲ್ಲಿ ನಿಂತು ಒಳಗೊಳಗೆ ನಡುಗುತ್ತಾನೆ. ಯೋಗ್ಯನಿಗೆ ಮತವಿತ್ತರೆ ದೇವರು ಮುನಿದಾನೆ? ಮಕ್ಕಳಿಗೆ ಕೇಡಾದೀತೆ? ಹೀಗೆ ಅವನ ಭಕ್ತಿಯನ್ನೇ ಹಗ್ಗವಾಗಿ ಹೊಸೆದು ಅವನ ಕೈಗಳನ್ನು ಕಟ್ಟುತ್ತಾರೆ.

ಕಾಯಿದೆಯು ಈ ಅನ್ಯಾಯವನ್ನು ಬಲ್ಲದು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೆಯ ಕಲಮಿನ ಮೇರೆಗೆ, ದೇವರ ಕೋಪಕ್ಕೆ ಗುರಿಯಾಗುವೆಯೆಂದು ಮತದಾರನನ್ನು ನಂಬಿಸಹೋಗುವುದು ಭ್ರಷ್ಟಾಚರಣೆಯೇ ಸರಿ. ಧರ್ಮದ ಹೆಸರಿನಲ್ಲಿ ಮತ ಬೇಡುವುದೂ ಅಂತೆಯೇ. ಉಮೇದುವಾರನ ಧರ್ಮವಿರಲಿ, ಮತದಾರನ ಧರ್ಮವಿರಲಿ, ಅದನ್ನು ಮುಂದೊಡ್ಡಿ ಬೇಡಲಾಗದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ ತೀರ್ಪಿತ್ತಿತು. ಯಾರಿಗೆ ಮತ ಕೊಟ್ಟೆಯೆಂದು ಯಾರನ್ನೂ ಒತ್ತಾಯದಿಂದ ನುಡಿಸಲಾಗದೆಂದು 94ನೆಯ ಕಲಮು ಸಾರುತ್ತದೆ.

ಆದರೆ ಕಾಯಿದೆಯು ಎದೆಯೊಳಗಿನ ಅಂಜಿಕೆಯನ್ನು ಅಳಿಸಲಾರದು. ಅದಕ್ಕೆ ಧರ್ಮವೇ ಉತ್ತರ ಹೇಳಬೇಕು. ಕಳ್ಳರು ಮಾಲನ್ನು ಹಂಚಿಕೊಳ್ಳುವಾಗ ದೇವರ ಆಣೆಯಿಟ್ಟರೆ ಕಳವು ಪುಣ್ಯವಾದೀತೆ? ಸತ್ಯಸ್ವರೂಪನಾದ ದೇವರು ಲಂಚಕ್ಕೆ ಜಾಮೀನು ನಿಂತಾನೆ? ಅಂಥ ಆಣೆಯನ್ನು ಮಾಡಿಸಿದವನೇ ದೇವದ್ರೋಹಿ. ಅದನ್ನು ಮೀರಿ ಯೋಗ್ಯನನ್ನು ಆರಿಸಿದವನಲ್ಲ. ಅಂಜಿ ಕೊಟ್ಟದ್ದು ಕಪ್ಪ. ಬಿಚ್ಚುಮನದಿಂದ ಕೊಟ್ಟದ್ದು ಮಾತ್ರವೇ ದಾನ. ಪೂಜೆ ಮುಗಿಸಿ ಬಂದವನು, ನಮಾಜು ಮಾಡಿ ಬಂದವನು, ಇಗರ್ಜಿಯಿಂದ ಬಂದವನು, ಎಲ್ಲರೂ ಆ ಮರೆಯೊಳಗೆ ತಮ್ಮ ಅಂತಸ್ಸಾಕ್ಷಿಯೊಡನೆ ಒಬ್ಬರೇ ನಿಲ್ಲತಕ್ಕವರು.

ಉಪಾಧ್ಯಾಯ ಬಂಧುಗಳೇ, ಮತಗಟ್ಟೆಯು ಬಹುಮಟ್ಟಿಗೆ ತಮ್ಮ ಶಾಲೆಯ ಕೋಣೆಯೇ. ಮತದಾರನ ಬೆರಳಿಗೆ ಹಚ್ಚುವ ಶಾಯಿಯೂ 1962ರಿಂದ ನಮ್ಮ ಮೈಸೂರಿನ ಕಾರ್ಖಾನೆಯದೇ. ಅದು ಬೆರಳಿನ ಜಾತಿಯನ್ನು ಕೇಳುವುದಿಲ್ಲ. ಚುನಾವಣೆಗೆ ಮುನ್ನವೇ ಊರ ಕಟ್ಟೆಯ ಮೇಲೆ ಕುಳಿತು ಈ ಮಾತನ್ನು ಆಸ್ತಿಕರಾದ ನಮ್ಮ ಹಿರಿಯರಿಗೂ ತಾಯಂದಿರಿಗೂ ತಿಳಿಯಹೇಳಿರೆಂದು ಬೇಡಿಕೊಂಡು, ನನ್ನ ನಾಲ್ಕು ಮಾತುಗಳನ್ನು ಮುಗಿಸುವೆನು.