ಪಹಣಿಯಲ್ಲಿ ಹೆಸರಿಲ್ಲದವರು ಮತ್ತು ಡಿಜಿಟಲ್ ಕೃಷಿ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ಕಾರ್ಯಕರ್ತರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಂದು ನಮಗೆ ಕೊಟ್ಟಿರುವ ವಿಷಯದ ಹೆಸರು ಸ್ವಲ್ಪ ದೊಡ್ಡದು: ‘ರಾಷ್ಟ್ರೀಯ ಕೃಷಿ ಮಾಹಿತಿ ವ್ಯವಸ್ಥೆ ಮತ್ತು ಡಿಜಿಟಲ್ ಸಾರ್ವಜನಿಕ ಮೂಲಸೌಕರ್ಯ.’ ಹೆಸರು ಕೇಳಿದ ಕೂಡಲೇ ಇದು ಇಂಜಿನಿಯರುಗಳ ವಿಷಯ, ನಮಗ್ಯಾಕೆ ಅಂತ ಅನಿಸಬಹುದು. ಆದರೆ ಬರ ಪರಿಹಾರ, ಬೆಳೆ ವಿಮೆ, ಸಬ್ಸಿಡಿ ಬೀಜ, ಬೆಂಬಲ ಬೆಲೆ, ಬ್ಯಾಂಕ್ ಸಾಲ ಇವೆಲ್ಲ ದಿನೇ ದಿನೇ ಈ ವ್ಯವಸ್ಥೆಯ ಮೂಲಕವೇ ಬರಲಾರಂಭಿಸಿವೆ. ಆದ್ದರಿಂದ ಅದರಲ್ಲಿ ನಮ್ಮ ಹೆಸರು ಇದೆಯೋ ಇಲ್ಲವೋ ಅನ್ನೋದು ನಮ್ಮ ಅನ್ನದ ಪ್ರಶ್ನೆ.

ಏನಿದು ವ್ಯವಸ್ಥೆ?

2024ರ ಸೆಪ್ಟೆಂಬರ್ 2ರಂದು ಕೇಂದ್ರ ಸಚಿವ ಸಂಪುಟ ‘ಡಿಜಿಟಲ್ ಕೃಷಿ ಮಿಷನ್’ಗೆ ಒಪ್ಪಿಗೆ ಕೊಟ್ಟಿತು. ಅದರ ಮೊತ್ತ 2,817 ಕೋಟಿ ರೂಪಾಯಿ. ಅದರಲ್ಲಿ ‘ಅಗ್ರಿಸ್ಟ್ಯಾಕ್’ ಎಂಬ ಭಾಗವಿದೆ. ಸರಳವಾಗಿ ಹೇಳಬೇಕೆಂದರೆ ಇದು ಮೂರು ದಾಖಲೆ ಪುಸ್ತಕಗಳು. ಮೊದಲನೆಯದು ರೈತರ ಪಟ್ಟಿ. ಎರಡನೆಯದು ಪ್ರತಿ ಸರ್ವೆ ನಂಬರ್ ಎಲ್ಲಿದೆ ಎಂದು ತೋರಿಸುವ ಗ್ರಾಮ ನಕ್ಷೆ. ಮೂರನೆಯದು ಆ ಹೊಲದಲ್ಲಿ ಈ ಹಂಗಾಮಿಗೆ ಏನು ಬಿತ್ತಿದ್ದಾರೆ ಎಂಬ ಬೆಳೆ ದಾಖಲೆ. 2026-27ರೊಳಗೆ 11 ಕೋಟಿ ರೈತರಿಗೆ ಆಧಾರ್ ತರಹದ ಒಂದು ರೈತ ಗುರುತಿನ ಸಂಖ್ಯೆ ಕೊಡಬೇಕೆಂಬುದು ಇದರ ಗುರಿ.

ಕರ್ನಾಟಕದವರಾದ ನಮಗೆ ಇದು ತೀರಾ ಹೊಸದೇನಲ್ಲ. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್ ಸೇರಿದವು. ಶಾನುಭೋಗರ ಹಿಂದೆ ತಿರುಗುತ್ತಿದ್ದವರು 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯಲ್ಲೇ ಪಹಣಿ ತೆಗೆದುಕೊಂಡರು. ಆಮೇಲೆ ‘ಫ್ರೂಟ್ಸ್’ ಬಂತು, ಎಫ್‌ಐಡಿ ನಂಬರ್ ಬಂತು. ಬೆಳೆ ಸಮೀಕ್ಷೆಗೆ ಮೊಬೈಲ್ ಆ್ಯಪ್ ಬಂತು. ದೇಶದ ಮಟ್ಟದಲ್ಲಿ ಈಗ ನಡೀತಿರೋದು ಹೆಚ್ಚುಕಡಿಮೆ ಇದೇ ಕೆಲಸ.

ಊರ ರಸ್ತೆ ಇದ್ದ ಹಾಗೆ

ಇನ್ನು ಈ ‘ಡಿಜಿಟಲ್ ಸಾರ್ವಜನಿಕ ಮೂಲಸೌಕರ್ಯ’ ಅಂದ್ರೆ ಏನು? ಊರ ರಸ್ತೆಯನ್ನು ನೆನೆಸಿಕೊಳ್ಳಿ. ರಸ್ತೆ ಒಬ್ಬರದಲ್ಲ. ಅದರ ಮೇಲೆ ಸರ್ಕಾರಿ ಬಸ್ಸೂ ಹೋಗುತ್ತದೆ, ಎತ್ತಿನ ಗಾಡಿಯೂ ಹೋಗುತ್ತದೆ, ಬರಿಗಾಲಲ್ಲಿ ನಡೆಯುವವರೂ ಹೋಗುತ್ತಾರೆ. 2016ರಲ್ಲಿ ಬಂದ ಯುಪಿಐ ಇಂಥದೇ ಒಂದು ರಸ್ತೆ. ನಿಮ್ಮದು ಯಾವ ಬ್ಯಾಂಕೇ ಆಗಲಿ, ತರಕಾರಿ ಅಂಗಡಿಯವರದು ಇನ್ಯಾವುದೇ ಆಗಲಿ, ಹಣ ಹೋಗಿ ಸೇರುತ್ತದೆ. 2023ರಲ್ಲಿ ನವದೆಹಲಿಯಲ್ಲಿ ನಡೆದ ಜಿ-20 ಶೃಂಗಸಭೆಯಲ್ಲೂ ಈ ವಿಚಾರಕ್ಕೆ ಮನ್ನಣೆ ಸಿಕ್ಕಿತು.

ಇದರ ತತ್ವಗಳನ್ನು ನಾವು ಐದು ಮಾತಿನಲ್ಲಿ ಹೇಳಬಹುದು. ಎಲ್ಲರನ್ನೂ ಒಳಗೊಳ್ಳಬೇಕು. ಒಂದು ಇಲಾಖೆಯ ಕಂಪ್ಯೂಟರ್ ಇನ್ನೊಂದರ ಜೊತೆ ಮಾತಾಡಬೇಕು. ಯಾವ ಒಂದು ಕಂಪನಿಯ ಹಿಡಿತಕ್ಕೂ ಸಿಗಬಾರದು. ನಮ್ಮ ಮಾಹಿತಿ ನಮ್ಮ ಒಪ್ಪಿಗೆಯಿಂದ ಹೋಗಬೇಕು. ತಪ್ಪಾದರೆ ಸರಿಮಾಡಿಸಿಕೊಳ್ಳಲು ದಾರಿ ಇರಬೇಕು.

ಇದರಿಂದ ಅನುಕೂಲ ಇಲ್ಲ ಅಂತ ನಾವು ಹೇಳುವುದಿಲ್ಲ. ಕೃಷಿ, ತೋಟಗಾರಿಕೆ, ರೇಷ್ಮೆ, ಸಹಕಾರ, ಹೀಗೆ ಎಲ್ಲ ಕಡೆಗೂ ಅದೇ ಪಹಣಿ, ಅದೇ ಆಧಾರ್, ಅದೇ ಪಾಸ್‌ಬುಕ್‌ನ ಜೆರಾಕ್ಸ್ ಹಿಡಿದು ಓಡಾಡಿ ನಾವು ಎಷ್ಟು ಕೂಲಿ ಕಳೆದುಕೊಂಡಿದ್ದೇವೆ! ಒಂದು ಸಲ ಕೊಟ್ಟ ಮಾಹಿತಿ ಎಲ್ಲ ಕಡೆ ಸಲ್ಲುವಂತಾದರೆ ಬಡವರಿಗೇ ಹೆಚ್ಚು ಲಾಭ. ಮಧ್ಯವರ್ತಿಗೆ ಕೈ ಬಿಸಿ ಮಾಡುವುದೂ ತಪ್ಪುತ್ತದೆ.

ಒಂದೇ ಪಟ್ಟಿಯ ಅಪಾಯ

ಆದರೆ ಅಪಾಯವೂ ಅಲ್ಲೇ ಇದೆ. ಮೊದಲು ಒಂದು ಪಟ್ಟಿಯಲ್ಲಿ ಹೆಸರು ತಪ್ಪಿದರೆ ಇನ್ನೊಂದರಲ್ಲಿ ಇರುತ್ತಿತ್ತು. ಈಗ ಒಂದು ಪಟ್ಟಿಯಲ್ಲಿ ತಪ್ಪಿದರೆ ಎಲ್ಲದರಲ್ಲೂ ತಪ್ಪಿದಂತೆ. 2023ರ ಬರವನ್ನು ನೆನಪಿಸಿಕೊಳ್ಳಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಮುಂದಿನ ಜನವರಿಯಲ್ಲಿ ಮೊದಲ ಕಂತಾಗಿ ರೈತರಿಗೆ ಗರಿಷ್ಠ 2,000 ರೂಪಾಯಿ ಕೊಡಲು ಆರಂಭಿಸಿದಾಗ ಆಧಾರವಾಗಿ ಇಟ್ಟುಕೊಂಡದ್ದು ಫ್ರೂಟ್ಸ್ ನೋಂದಣಿಯನ್ನೇ. ಎಫ್‌ಐಡಿ ಇಲ್ಲದವರಿಗೆ ಇಂಥ ಪರಿಹಾರ ಬರುವುದಿಲ್ಲ. ಎಫ್‌ಐಡಿ ಇದ್ದೂ ಎಲ್ಲ ಸರ್ವೆ ನಂಬರ್ ಸೇರಿಸದವರಿಗೆ, ಸೇರಿಸಿದ ಜಮೀನಿಗೆ ಮಾತ್ರ ಲೆಕ್ಕ.

ಹಾಗಾದರೆ ಪಟ್ಟಿಯಿಂದ ಹೊರಗೆ ಉಳಿಯುವವರು ಯಾರು?

ಮೊದಲು, ಹೆಂಗಸರು. ನಾಟಿ, ಕಳೆ, ಕೊಯ್ಲು ಎಲ್ಲದರಲ್ಲೂ ನಾವಿದ್ದೇವೆ. ಆದರೆ 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14 ಮಾತ್ರ. 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದಿತು. ಆ ಪಾಲು ಪಹಣಿಗೆ ಇಳಿದ ಮನೆಗಳು ಎಷ್ಟಿವೆ, ನೀವೇ ಎಣಿಸಿ ಹೇಳಿ.

ಎರಡನೆಯದು, ವಿಧವೆಯರು. ಗಂಡ ತೀರಿಹೋಗಿ ಹತ್ತು ವರ್ಷವಾದರೂ ಪಹಣಿ ಅವನ ಹೆಸರಲ್ಲೇ, ಕೆಲವು ಕಡೆ ಮಾವನ ಹೆಸರಲ್ಲೇ ಇರುತ್ತದೆ. ಪೌತಿ ಖಾತೆ ಆಗಿರುವುದಿಲ್ಲ. ತೀರಿಹೋದವರ ಬೆರಳಚ್ಚು ಸಿಗುವುದಿಲ್ಲ, ಬದುಕಿರುವವಳ ಬೆರಳಚ್ಚಿಗೆ ಜಮೀನು ಇಲ್ಲ. ವರ್ಷಕ್ಕೆ 6,000 ರೂಪಾಯಿ ಕೊಡುವ ಪಿಎಂ-ಕಿಸಾನ್ ಯೋಜನೆಯಲ್ಲಿ, 2019ರ ಫೆಬ್ರವರಿ 1ರ ನಂತರ ಕೊಂಡ ಜಮೀನಿಗೆ ಹೊಸದಾಗಿ ಸೇರಿಸುವುದಿಲ್ಲವಾದರೂ ವಾರಸಾಗಿ ಬಂದ ಜಮೀನಿಗೆ ಅವಕಾಶವಿದೆ. ಆದರೆ ಖಾತೆ ಬದಲಾಗದೆ ಆ ಅವಕಾಶ ಕಾಗದದ ಮೇಲಿನ ಮಾತಷ್ಟೇ.

ಮೂರನೆಯದು, ಗೇಣಿ, ಕೋರು, ಪಾಲಿಗೆ ಮಾಡುವವರು. 1974ರ ಭೂಸುಧಾರಣೆ ತಿದ್ದುಪಡಿ ಲಕ್ಷಾಂತರ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು, ಅದು ದೊಡ್ಡ ಉಪಕಾರ. ಅದೇ ಕಾನೂನು ಮುಂದೆ ಹೊಸದಾಗಿ ಗೇಣಿಗೆ ಕೊಡುವುದನ್ನು, ಸೈನಿಕರಂಥ ಕೆಲವರನ್ನು ಬಿಟ್ಟು, ನಿಷೇಧಿಸಿತು. ಗೇಣಿ ನಿಂತಿತೇ? ಇಲ್ಲ, ಬಾಯಿಮಾತಿಗೆ ಇಳಿಯಿತು. ಸಾಲ ಮಾಡಿ ಬಿತ್ತೋದು ಒಬ್ಬರು, ಪಹಣಿಯಲ್ಲಿ ಹೆಸರು ಇನ್ನೊಬ್ಬರದು. ಬೆಳೆ ಒಣಗಿದರೆ ಪರಿಹಾರ ಹೋಗೋದು ಹೆಸರಿದ್ದವರಿಗೆ. ರೈತ ಅಂದ್ರೆ ಯಾರು, ಜಮೀನು ಇದ್ದವನೋ ಅಥವಾ ಬೆವರು ಸುರಿಸಿದವನೋ? ಈ ಪ್ರಶ್ನೆಗೆ ಕಂಪ್ಯೂಟರ್ ಉತ್ತರ ಹೇಳುವುದಿಲ್ಲ, ನಿಯಮ ಮಾಡುವವರು ಹೇಳಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಪಡೆದ ಆದಿವಾಸಿಗಳ ವಿಷಯದಲ್ಲೂ ಇದೇ ಮಾತು ಕೇಳಬೇಕಾಗಿದೆ.

ಓಟಿಪಿಯೇ ಒಪ್ಪಿಗೆಯೇ?

ಒಪ್ಪಿಗೆಯ ವಿಷಯವನ್ನೂ ಸ್ವಲ್ಪ ನೋಡೋಣ. ಕೌಂಟರಿನಲ್ಲಿ “ಫೋನಿಗೆ ಬಂದ ನಂಬರ್ ಹೇಳಮ್ಮ” ಅಂತಾರೆ. ನಾವು ಹೇಳುತ್ತೇವೆ. ಅಲ್ಲಿಗೆ ಒಪ್ಪಿಗೆ ಆಯಿತು! ಯಾವ ಮಾಹಿತಿ, ಯಾರಿಗೆ, ಎಷ್ಟು ದಿನಕ್ಕೆ ಅಂತ ಯಾರೂ ಓದಿ ಹೇಳುವುದಿಲ್ಲ. ನಮ್ಮ ಜಮೀನೆಷ್ಟು, ಬೆಳೆ ಏನು, ಸಾಲ ಎಷ್ಟಿದೆ ಎಂಬುದು ಒಂದೇ ಕಡೆ ಸೇರಿದರೆ ಅದು ವ್ಯಾಪಾರಿಗೂ, ಸಾಲ ಕೊಡುವವರಿಗೂ, ಜಮೀನು ಹುಡುಕುವವರಿಗೂ ಬಂಗಾರ. ‘ಭೂಮಿ’ ದಾಖಲೆ ಸುಲಭವಾಗಿ ಸಿಗುವಂತಾದ ಮೇಲೆ ಬೆಂಗಳೂರಿನ ಸುತ್ತಮುತ್ತ ದೊಡ್ಡ ಖರೀದಿದಾರರಿಗೇ ಹೆಚ್ಚು ಅನುಕೂಲವಾಯಿತು ಎಂದು 2007ರಲ್ಲೇ ಸಂಶೋಧಕರು ಬರೆದಿದ್ದರು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾಯ್ದೆಯಾಯಿತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಬಂದವು. ಆದರೆ ಸಬ್ಸಿಡಿ, ಸೌಲಭ್ಯ ಕೊಡಲು ಸರ್ಕಾರ ಮಾಹಿತಿ ಬಳಸುವುದಕ್ಕೆ ಆ ಕಾಯ್ದೆಯಲ್ಲೇ ಸಡಿಲಿಕೆ ಇದೆ. ಆದ್ದರಿಂದ ಕಾನೂನು ಬಂತು ಅಂತ ನಾವು ಸುಮ್ಮನೆ ಕೂರುವ ಹಾಗಿಲ್ಲ.

ಸಂಘಗಳಲ್ಲಿ ನಾವು ಮಾಡಬೇಕಾದ ಕೆಲಸ

1. ಮುಂದಿನ ಸಭೆಗೆ ಪ್ರತಿ ಸದಸ್ಯೆಯೂ ಪಹಣಿ ತರಲಿ. ಹೆಸರು ಯಾರದು, ಅವರು ಬದುಕಿದ್ದಾರೆಯೇ ಎಂದು ಪಟ್ಟಿ ಮಾಡೋಣ. ಪೌತಿ ಖಾತೆ ಆಗದವರ ಅರ್ಜಿಗಳನ್ನು ಒಟ್ಟಿಗೆ ಕೊಡೋಣ.

2. ಎಫ್‌ಐಡಿಯಲ್ಲಿ ಎಲ್ಲ ಸರ್ವೆ ನಂಬರ್ ಸೇರಿದೆಯೇ, ಬ್ಯಾಂಕ್ ಖಾತೆ ಸರಿಯಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯೋಣ. ಆಧಾರ್‌ನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು ಹೆಸರಿದ್ದರೆ ಮಳೆಗಾಲಕ್ಕೆ ಮುಂಚೆಯೇ ಸರಿಪಡಿಸೋಣ.

3. ಬೆಳೆ ಸಮೀಕ್ಷೆಯಲ್ಲಿ ನಮ್ಮ ಹೊಲಕ್ಕೆ ಯಾವ ಬೆಳೆ ಬರೆದಿದ್ದಾರೆ ಎಂದು ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನೋಡೋಣ. ರಾಗಿ ಬಿತ್ತಿದ ಹೊಲಕ್ಕೆ ಪಾಳು ಅಂತ ಬರೆದಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಬೇಕು. ಇಲ್ಲದಿದ್ದರೆ ವಿಮೆ ಕೇಳುವಾಗ ತೊಂದರೆ.

4. ಬೆರಳಚ್ಚು ಬಾರದ ಹಿರಿಯರಿಗೆ “ಆಗಲ್ಲ, ಹೋಗಿ” ಎಂದರೆ ವಾಪಸ್ ಬರಬೇಡಿ. ಪಿಎಂ-ಕಿಸಾನ್‌ನಲ್ಲಿ 2023ರಿಂದ ಮುಖ ನೋಡಿ ಗುರುತಿಸುವ ಅವಕಾಶ ಇದೆ.

5. ಓಟಿಪಿ ಹೇಳುವ ಮುಂಚೆ “ಯಾತಕ್ಕೆ?” ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳೋಣ. ಸಂದೇಹವಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

6. ಗ್ರಾಮಸಭೆಯಲ್ಲಿ ಮೂರು ಬೇಡಿಕೆ ಇಡೋಣ. ನೋಂದಣಿ ಪಟ್ಟಿಯಲ್ಲಿ ಬಿಟ್ಟುಹೋದವರ ಹೆಸರನ್ನು ಊರಲ್ಲೇ ಓದಿ ಹೇಳಲಿ. ಪಾಲಿಗೆ ಮಾಡುವವರನ್ನು ಒಡೆತನಕ್ಕೆ ಧಕ್ಕೆಯಾಗದಂತೆ ಸಾಗುವಳಿದಾರರೆಂದು ದಾಖಲಿಸುವ ದಾರಿ ಮಾಡಲಿ. ನೆಟ್‌ವರ್ಕ್ ಇಲ್ಲದ ಕಡೆ ಕಾಗದದ ಅರ್ಜಿಯನ್ನೂ ಪಡೆದು ರಸೀದಿ ಕೊಡಲಿ.

ಸಹೋದರಿಯರೇ, ರಸ್ತೆ ಮಾಡುವವರು ಮಾಡುತ್ತಿದ್ದಾರೆ. ಅದು ನಮ್ಮ ಕೇರಿಯವರೆಗೂ ಬರಬೇಕಾದರೆ ನಮ್ಮ ಕೇರಿಯ ಹೆಸರು ನಕ್ಷೆಯಲ್ಲಿ ಇರಬೇಕು. ಇನ್ನೂ ಬಿತ್ತನೆಗೆ ಸಮಯವಿದೆ. ಮುಂದಿನ ತಿಂಗಳ ಸಭೆಗೆ ಬರುವಾಗ ಪಹಣಿ ತರುವುದನ್ನು ಮರೆಯಬೇಡಿ, ಓದಲು ಬಾರದವರ ಪಕ್ಕದಲ್ಲಿ ಓದಲು ಬರುವವರು ಕುಳಿತುಕೊಳ್ಳಿ.