ಲೋಕಾಯುಕ್ತ, ಒಂದು ವೈನ್ ಬಾಟಲಿ ಮತ್ತು ನಮ್ಮಮ್ಮನ ಪೌತಿ ಖಾತೆ

(ಸಿಡ್ನಿಯಲ್ಲಿ ನಮ್ಮ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ಆಡಿದ ಮಾತುಗಳ ಬರಹರೂಪ)



ನಾಡಗೀತೆ ಮುಗಿದಿದೆ, ಮಕ್ಕಳ ನೃತ್ಯ ಮುಗಿದಿದೆ, ಒಳಗಿನಿಂದ ಬಿಸಿಬೇಳೆ ಬಾತಿನ ಪರಿಮಳ ಬರ್ತಾ ಇದೆ. ಇಂಥ ಹೊತ್ತಿನಲ್ಲಿ ಮೈಕು ಹಿಡಿಯುವವನ ಕಷ್ಟ ನಿಮಗೆ ಗೊತ್ತು. ಹಾಗಾಗಿ ಕನ್ನಡದ ಹಿರಿಮೆ, ಎರಡು ಸಾವಿರ ವರ್ಷದ ಇತಿಹಾಸ ಇವನ್ನೆಲ್ಲ ಬಿಟ್ಟು ನೇರವಾಗಿ ಲಂಚದ ವಿಷಯಕ್ಕೆ ಬರುತ್ತೇನೆ.

ಮೊದಲು ನನ್ನ ತಪ್ಪೊಪ್ಪಿಗೆ. 2018ರಲ್ಲಿ ನಮ್ಮಪ್ಪ ತೀರಿಕೊಂಡರು. ಊರಿನಲ್ಲಿ ಎರಡೂವರೆ ಎಕರೆ ಜಮೀನು ಅವರ ಹೆಸರಿನಲ್ಲಿತ್ತು. ಅದನ್ನು ಅಮ್ಮನ ಹೆಸರಿಗೆ ಪೌತಿ ಖಾತೆ ಮಾಡಿಸಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಅರ್ಜಿ, ಎಲ್ಲ ಕೊಟ್ಟಾಯಿತು. ತಿಂಗಳು ಕಳೆದರೂ ಕಡತ ಅಲುಗಲಿಲ್ಲ. ಕೊನೆಗೆ ಕಚೇರಿಯ ನೌಕರನೊಬ್ಬ ಐದು ಸಾವಿರ ಆಗುತ್ತೆ ಅಂದ. ತಮ್ಮ ಫೋನ್ ಮಾಡಿ ಕೇಳಿದಾಗ ನಾನು ಇಲ್ಲಿ ಪ್ಯಾರಮ್ಯಾಟಾ ಸ್ಟೇಷನ್ನಿನಲ್ಲಿ ರೈಲಿಗೆ ಕಾಯ್ತಾ ನಿಂತಿದ್ದೆ. "ಕೊಟ್ಟು ಮುಗಿಸೋ ಮಾರಾಯ" ಅಂದೆ. ನಮ್ಮ ಲೆಕ್ಕದಲ್ಲಿ ನೂರು ಡಾಲರ್ ಚಿಲ್ಲರೆ. ಒಂದು ಶನಿವಾರದ ಹೋಟೆಲ್ ಊಟ.

ಅಮ್ಮ ತಮ್ಮನ ಕೈಯಿಂದ ಫೋನ್ ಕಿತ್ತುಕೊಂಡರು. "ನೀನು ಕೊಡ್ತೀಯಪ್ಪಾ, ನಿನ್ನ ಹತ್ರ ಇದೆ. ನೀನು ಇವತ್ತು ಐದು ಕೊಟ್ರೆ ನಾಳೆ ಕೆಳಗಿನ ಕೇರಿ ಗಂಡ ಸತ್ತೋಳ ಹತ್ರಾನೂ ಐದೇ ಕೇಳ್ತಾನೆ. ಅವಳು ಎಲ್ಲಿಂದ ತರ್ತಾಳೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ರೈಲು ಬಂತು, ಹತ್ತಿಕೊಂಡೆ.

ಈಗ ಸ್ವಲ್ಪ ಇತಿಹಾಸ. ಸರ್ಕಾರದ ಕಚೇರಿಗಳ ಮೇಲೆ ಕಣ್ಣಿಡಲು ಸರ್ಕಾರದ ಹಿಡಿತದಲ್ಲಿಲ್ಲದ ಒಬ್ಬ ಕಾವಲುಗಾರ ಬೇಕು ಅನ್ನೋ ಯೋಚನೆ ಹೊಸದೇನಲ್ಲ. ಸ್ವೀಡನ್ 1809ರಲ್ಲೇ ಓಂಬುಡ್ಸ್‌ಮನ್ ಹುದ್ದೆ ಮಾಡಿತು. ನಮ್ಮ ದೇಶದಲ್ಲಿ 1966ರಲ್ಲಿ ಮೊದಲ ಆಡಳಿತ ಸುಧಾರಣಾ ಆಯೋಗ ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಬೇಕು ಅಂತ ಶಿಫಾರಸು ಮಾಡಿತು. ಲೋಕಪಾಲ ಮಸೂದೆ ಮೊದಲು ಸಂಸತ್ತಿಗೆ ಬಂದದ್ದು 1968ರಲ್ಲಿ. ಕಾನೂನಾದದ್ದು 2013ರಲ್ಲಿ. ಮೊದಲ ಲೋಕಪಾಲರು ಕುರ್ಚಿಯಲ್ಲಿ ಕೂತದ್ದು 2019ರಲ್ಲಿ. ಅರ್ಧ ಶತಮಾನ! ನಮ್ಮಮ್ಮನ ಖಾತೆಯೇ ವಾಸಿ.

ಆದರೆ ಕರ್ನಾಟಕ ಕಾಯಲಿಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದ ಕಾಲದಲ್ಲಿ, 1984ರ ಲೋಕಾಯುಕ್ತ ಕಾಯ್ದೆ ಬಂತು, 1986ರಲ್ಲಿ ಸಂಸ್ಥೆ ಶುರುವಾಯಿತು. ನಾವೀಗ ಕೂತಿರೋ ನ್ಯೂ ಸೌತ್ ವೇಲ್ಸ್‌ನಲ್ಲಿ ಭ್ರಷ್ಟಾಚಾರ ವಿರೋಧಿ ಆಯೋಗದ, ಅಂದರೆ ಐಕ್ಯಾಕ್‌ನ ಕಾಯ್ದೆ ಆದದ್ದು 1988ರಲ್ಲಿ. ಸಿಡ್ನಿಗಿಂತ ಮೊದಲು ಬೆಂಗಳೂರು! ರಾಜ್ಯೋತ್ಸವದಲ್ಲಿ ಹೆಮ್ಮೆ ಪಡಲು ಏನಾದರೂ ಬೇಕಿದ್ದರೆ ಇದನ್ನೂ ಸೇರಿಸಿಕೊಳ್ಳಿ.

ಮುಂದೆ ಏನಾಯಿತು ಅನ್ನೋದರಲ್ಲಿ ವ್ಯತ್ಯಾಸ ಇರೋದು. ಇಲ್ಲಿ ಐಕ್ಯಾಕ್ ತಂದವರು ಪ್ರೀಮಿಯರ್ ನಿಕ್ ಗ್ರೈನರ್. ನಾಲ್ಕೇ ವರ್ಷದಲ್ಲಿ, 1992ರಲ್ಲಿ, ಅದೇ ಐಕ್ಯಾಕ್ ಅವರ ವಿರುದ್ಧ ವರದಿ ಕೊಟ್ಟಿತು, ಅವರು ರಾಜೀನಾಮೆ ಕೊಟ್ಟರು. ಆ ವರದಿ ಕಾನೂನು ಮೀರಿದ್ದು ಅಂತ ಕೋರ್ಟು ಆಮೇಲೆ ಹೇಳಿತು, ಅದು ಬೇರೆ ಮಾತು. 2014ರ ಏಪ್ರಿಲ್‌ನಲ್ಲಿ ಬ್ಯಾರಿ ಓಫ್ಯಾರೆಲ್ ಅವರದ್ದು ನಿಮಗೆಲ್ಲ ನೆನಪಿರಬೇಕು. ಮೂರು ಸಾವಿರ ಡಾಲರಿನ 1959ರ ಗ್ರೇಂಜ್ ವೈನ್ ಬಾಟಲಿ ಉಡುಗೊರೆಯಾಗಿ ಬಂದಿತ್ತೇ ಅಂತ ಕೇಳಿದರೆ, ಬಂದಿಲ್ಲ ಅಂದರು. ಮರುದಿನ ಅವರೇ ಕೈಯಾರೆ ಬರೆದ ಥ್ಯಾಂಕ್ಸ್ ಚೀಟಿ ಹೊರಬಂತು. ಪ್ರೀಮಿಯರ್ ಮನೆಗೆ ಹೋದರು. ಅವರು ಭ್ರಷ್ಟರು ಅಂತ ಐಕ್ಯಾಕ್ ಹೇಳಲಿಲ್ಲ, ಯಾವ ಮೊಕದ್ದಮೆಯೂ ಆಗಲಿಲ್ಲ. ಆವತ್ತು ಆಫೀಸಿನಲ್ಲಿ ಇಲ್ಲಿಯವರೆಲ್ಲ ನಾಚಿಕೆಯಿಂದ ತಲೆ ಚಚ್ಚಿಕೊಳ್ತಿದ್ದರೆ ನನಗೆ ಹೊಟ್ಟೆಕಿಚ್ಚು. ಒಂದು ಬಾಟಲಿಗೆ ಮುಖ್ಯಮಂತ್ರಿ ಹೋಗುವ ರಾಜ್ಯ!

ನಮ್ಮಲ್ಲಿಯೂ ಆಗಿಲ್ಲ ಅಂತಲ್ಲ. ನ್ಯಾಯಮೂರ್ತಿ ವೆಂಕಟಾಚಲ ಅವರು 2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದಾಗ ಆಸ್ಪತ್ರೆ, ಕಚೇರಿಗಳಿಗೆ ದಿಢೀರ್ ಭೇಟಿ ಕೊಟ್ಟು ಜನರಿಗೆ ಇಂಥದ್ದೊಂದು ಸಂಸ್ಥೆ ಇದೆ ಅನ್ನೋದನ್ನ ತೋರಿಸಿಕೊಟ್ಟರು. ಆಮೇಲೆ ಬಂದವರು ನ್ಯಾಯಮೂರ್ತಿ ಸಂತೋಷ್ ಹೆಗ್ಡೆ. ಬಳ್ಳಾರಿಯ ಗಣಿ, ಬೇಲೇಕೇರಿ ಬಂದರಿನಿಂದ ಮಾಯವಾದ ಜಪ್ತಿ ಅದಿರು, ಎಲ್ಲ ನಿಮಗೆ ಗೊತ್ತು. ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡ ಲಾರಿ, ಪರ್ಮಿಟ್, ಬ್ಯಾಂಕ್ ಖಾತೆ ಒಂದೊಂದನ್ನೂ ಜೋಡಿಸಿ ಮಾಡಿದ ಕೆಲಸ ಅದು. 2011ರ ಜುಲೈನಲ್ಲಿ ಬಂದ ವರದಿ ರಾಜ್ಯಕ್ಕಾದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಮೇಲೆ ಅಂತ ಲೆಕ್ಕ ಕೊಟ್ಟಿತು. ಅದೇ ತಿಂಗಳ 31ರಂದು ಮುಖ್ಯಮಂತ್ರಿ ಯಡಿಯೂರಪ್ಪನವರ ರಾಜೀನಾಮೆ. 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು, ಅದನ್ನೂ ಹೇಳಬೇಕು. ಗ್ರೈನರ್ ವಿಷಯದಲ್ಲೂ ಹೀಗೇ ಆಯಿತಲ್ಲ. ಕಾವಲುಗಾರನ ಮಾತೇ ತೀರ್ಪಲ್ಲ. ಅವನು ಕೂಗಬೇಕು, ತೀರ್ಪು ಕೋರ್ಟಿನದು.

ಕೂಗಿದ ಕಾವಲುಗಾರನನ್ನು ನಾವು ಏನು ಮಾಡಿದೆವು? ಮುಂದಿನ ಲೋಕಾಯುಕ್ತರು ಎರಡು ತಿಂಗಳೂ ಉಳಿಯಲಿಲ್ಲ. ಆಮೇಲೆ ವರ್ಷಕ್ಕೂ ಹೆಚ್ಚು ಕುರ್ಚಿ ಖಾಲಿ. 2015ರಲ್ಲಿ ಲೋಕಾಯುಕ್ತ ಕಚೇರಿಯ ಒಳಗಿಂದಲೇ ಅಧಿಕಾರಿಗಳನ್ನು ಬೆದರಿಸಿ ಹಣ ಕೇಳುತ್ತಿದ್ದರು ಅನ್ನೋ ಆರೋಪ ಬಂತು, ಆಗಿನ ಲೋಕಾಯುಕ್ತರ ಮಗನ ಬಂಧನವಾಯಿತು, ಡಿಸೆಂಬರ್‌ನಲ್ಲಿ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ? ಸರ್ಕಾರ ಬೇಲಿ ರಿಪೇರಿ ಮಾಡೋದು ಬಿಟ್ಟು ಬೇಲಿಯನ್ನೇ ಕಿತ್ತಿತು. 2016ರ ಮಾರ್ಚ್‌ನಲ್ಲಿ ಎಸಿಬಿ ಅಂತ ಹೊಸದೊಂದು ಮಾಡಿ, ಲಂಚದ ಕೇಸು ಹಿಡಿಯೋ ಅಧಿಕಾರವನ್ನ ಲೋಕಾಯುಕ್ತ ಪೊಲೀಸರಿಂದ ತೆಗೆದು ಅದಕ್ಕೆ ಕೊಟ್ಟರು. ಆ ಎಸಿಬಿ ಇದ್ದದ್ದು ಯಾರ ಕೆಳಗೆ? ಮುಖ್ಯಮಂತ್ರಿಯ ಕೆಳಗೆ! ಮಾಡಿದ್ದು ಕಾಂಗ್ರೆಸ್ ಸರ್ಕಾರ. ಆಗ ವಿರೋಧಿಸಿದ ಪಕ್ಷಗಳೂ ಅಧಿಕಾರಕ್ಕೆ ಬಂದವು, ಎಸಿಬಿ ಹಾಗೇ ಇತ್ತು. ಕೊನೆಗೆ ರದ್ದು ಮಾಡಿದ್ದು ಹೈಕೋರ್ಟ್, 2022ರ ಆಗಸ್ಟ್ 11ರಂದು. ಪಕ್ಷದ ಮೇಲೆ ಭರವಸೆ ಇಟ್ಟವರು ಈ ಆರು ವರ್ಷಗಳನ್ನ ಎಣಿಸಿಕೊಳ್ಳಿ.

ನಮ್ಮಮ್ಮ ಬಾಗಿಲು ತಟ್ಟಿದ್ದು ಈ ಆರು ವರ್ಷದ ನಡುವೆ, 2019ರಲ್ಲಿ. ಹಾಗಾಗಿ ಎರಡು ಬಾಗಿಲು. ಕೇಳಿದವನನ್ನು ಹಿಡಿಸಬೇಕಾದರೆ ಎಸಿಬಿ. ಬರೀ ಕೆಲಸ ಆಗಬೇಕಾದರೆ ಲೋಕಾಯುಕ್ತ. ಟ್ರ್ಯಾಪ್ ಹೇಗೆ ಮಾಡ್ತಾರೆ ಅಂತ ಪರಿಚಯದ ವಕೀಲರೊಬ್ಬರು ಅಮ್ಮನಿಗೆ ವಿವರಿಸಿದರು. ನೋಟಿಗೆ ಪುಡಿ ಬಳಿದು ಕೊಡ್ತಾರೆ. ಮುಟ್ಟಿದವನ ಕೈಯನ್ನ ಸೋಡಾ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಅಮ್ಮ ಒಪ್ಪಲಿಲ್ಲ. ಯಾಕೆ ಗೊತ್ತೇ? ನಮ್ಮಪ್ಪ ಮೂವತ್ತು ವರ್ಷ ಅದೇ ಊರಿನಲ್ಲಿ ಮೇಷ್ಟ್ರಾಗಿದ್ದವರು. ಹಣ ಕೇಳಿದವನು ಅವರ ಶಿಷ್ಯ. "ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವರು ಇವರು. ಆ ಕೈ ಕೆಂಪಾಗೋದನ್ನ ನಾನು ನೋಡಲಾರೆ" ಅಂದರು.

ಲೋಕಾಯುಕ್ತದವರು ತಾಲ್ಲೂಕಿಗೆ ಬಂದು ಪ್ರವಾಸಿ ಮಂದಿರದಲ್ಲಿ ಅಹವಾಲು ಕೇಳುವ ದಿನ ಅಮ್ಮ ಬಸ್ಸು ಹತ್ತಿ ಹೋದರು. ನಮೂನೆ ತುಂಬಿ, ಪ್ರಮಾಣಪತ್ರ ಮಾಡಿಸಿ, ದಾಖಲೆಗಳ ನಕಲು ಹಚ್ಚಿ ಕೊಟ್ಟರು. ಅರವತ್ತೆಂಟು ವರ್ಷ ಅವರಿಗೆ. ಬಿಸಿಲಿನಲ್ಲಿ ಮೂರು ಗಂಟೆ ಸಾಲು. ಮೂರು ವಾರದಲ್ಲಿ ಖಾತೆ ಆಯಿತು, ಪಹಣಿಯಲ್ಲಿ ಹೆಸರು ಬಂತು. ಕೇಳಿದವನಿಗೆ ಏನೂ ಆಗಲಿಲ್ಲ. ಅಮ್ಮ ಎದುರು ಸಿಕ್ಕರೆ ಈಗಲೂ ಪಕ್ಕದ ಗಲ್ಲಿಗೆ ತಿರುಗಿಬಿಡ್ತಾನಂತೆ. ಅಷ್ಟೇ ಅವನಿಗಾದ ಶಿಕ್ಷೆ. ಸಾಕೋ ಸಾಲದೋ ಅಂತ ನಾನೂ ತಮ್ಮನೂ ಇನ್ನೂ ಜಗಳ ಆಡ್ತೀವಿ. ಕೆಳಗಿನ ಕೇರಿಯವಳ ಹತ್ತಿರ ಈಗ ಎಷ್ಟು ಕೇಳ್ತಾನೆ ಅನ್ನೋದು ತಮ್ಮನ ಪ್ರಶ್ನೆ. ಅದು ನ್ಯಾಯವಾದದ್ದೇ.

ಈಗ ಲೋಕಾಯುಕ್ತಕ್ಕೆ ಪೊಲೀಸ್ ಅಧಿಕಾರ ವಾಪಸು ಬಂದಿದೆ. ಆದರೂ ಎರಡು ತೂತು ಹಾಗೇ ಇವೆ. ಒಂದು, ಹಿಡಿದ ಮೇಲೂ ಸೇವೆಯಲ್ಲಿರುವ ನೌಕರನ ಮೇಲೆ ಮೊಕದ್ದಮೆ ನಡೆಸಲು ಅವನನ್ನು ನೇಮಿಸಿದ ಸರ್ಕಾರದ್ದೇ ಅನುಮತಿ ಬೇಕು. ಇನ್ನೊಂದು, ವಿಚಾರಣೆ ಮುಗಿಸಿ ಲೋಕಾಯುಕ್ತರು ಶಿಫಾರಸು ಕಳಿಸಿದರೆ ಮೂರು ತಿಂಗಳಲ್ಲಿ ಕೈಗೊಂಡ ಕ್ರಮ ತಿಳಿಸಬೇಕು ಅಂತ ಕಾಯ್ದೆ ಹೇಳುತ್ತೆ. ಒಪ್ಪಲೇಬೇಕು ಅಂತ ಹೇಳುವುದಿಲ್ಲ. ಐಕ್ಯಾಕ್‌ಗೂ ಸ್ವತಃ ಮೊಕದ್ದಮೆ ಹೂಡುವ ಅಧಿಕಾರ ಇಲ್ಲ. ಆದರೆ ಅದು ಬಹಿರಂಗ ವಿಚಾರಣೆ ನಡೆಸಬಹುದು, ಪತ್ರಕರ್ತರು ಮುಂದೆ ಕೂತು ಕೇಳಬಹುದು. ಅದರ ಮೇಲೆ ಕಣ್ಣಿಡಲು ಸಂಸತ್ತಿನ ಸಮಿತಿ, ಒಬ್ಬ ಸ್ವತಂತ್ರ ಇನ್‌ಸ್ಪೆಕ್ಟರ್ ಇದ್ದಾರೆ. ವೈನ್ ಬಾಟಲಿ ಹೊರಬಂದದ್ದು ಆ ಬಹಿರಂಗ ವಿಚಾರಣೆಯಲ್ಲಿ. ನಮ್ಮ ಕಾಯ್ದೆಗೆ ಇವೆರಡನ್ನ ಸೇರಿಸಿ ಅಂತ ಕೇಳೋದು ದೊಡ್ಡ ಕ್ರಾಂತಿಯೇನಲ್ಲ.

ಇದನ್ನೇ ಒಂದು ಪತ್ರವಾಗಿ ಬರೆದು ತಂದಿದ್ದೇನೆ. ಮುಖ್ಯಮಂತ್ರಿಗಳಿಗೆ, ಎರಡೂ ಸದನಗಳ ವಿರೋಧ ಪಕ್ಷದ ನಾಯಕರಿಗೆ, ಮತ್ತೆ ನಿಮ್ಮ ನಿಮ್ಮ ಊರಿನ ಶಾಸಕರಿಗೆ. ಶಾಸಕರ ಹೆಸರಿನ ಜಾಗ ಖಾಲಿ ಬಿಟ್ಟಿದೆ, ನೀವೇ ತುಂಬಬೇಕು. ಅವರ ಹೆಸರು ಗೊತ್ತಿಲ್ಲದಿದ್ದರೆ ಮನೆಗೆ ಫೋನ್ ಮಾಡಿ ಕೇಳಿ. ಹಾಗೇ ಮನೆಯಲ್ಲಿ ಯಾವ ಕಡತ ಯಾವ ಕಚೇರಿಯಲ್ಲಿ ಕೂತಿದೆ, ಕಳೆದ ಸಲ ನಾವು ಕಳಿಸಿದ ದುಡ್ಡಿನಲ್ಲಿ ಎಷ್ಟು ಯಾರ ಜೇಬಿಗೆ ಹೋಯಿತು ಅಂತಲೂ ಕೇಳಿ. ಪತ್ರ ಬಾಗಿಲ ಬಳಿ ಮೇಜಿನ ಮೇಲಿದೆ, ಪೆನ್ನೂ ಇದೆ. ಊಟದ ಸಾಲು ಅದರ ಪಕ್ಕದಲ್ಲೇ ಹಾದು ಹೋಗುವ ಹಾಗೆ ಮಾಡಿದ್ದೇವೆ, ಅದು ಬೇಕಂತಲೇ.